ಡಿಜಿಟಲ್ ಸಹಿ: ಕಂಡರೆ ಸಾಲದು, ಪರಿಶೀಲಿಸಬೇಕು



ಕೆಂಗೇರಿ ಹೋಬಳಿಯಂತಹ ನಗರದ ಅಂಚಿನ ಗ್ರಾಮಗಳಲ್ಲಿ ನಿವೇಶನ ಕೊಳ್ಳುವವರು ಮೊದಲು ಕೇಳುವ ದಾಖಲೆ ಇ-ಸ್ವತ್ತಿನ ನಮೂನೆ 9 ಮತ್ತು 11. ಇವುಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಇರುತ್ತದೆ. ಜೆರಾಕ್ಸ್ ಪ್ರತಿಯನ್ನೋ ಇ-ಮೇಲ್‌ನಲ್ಲಿ ಬಂದ ಪಿಡಿಎಫ್ ಕಡತವನ್ನೋ ತೋರಿಸಿ, "ಇದು ಅಸಲಿಯೇ?" ಎಂದು ಗ್ರಾಮಸ್ಥರು ವಿಚಾರಿಸುವುದು ತಮ್ಮ ಸದಸ್ಯರನ್ನೇ. ಉತ್ತರ ತಪ್ಪಿದರೆ ಒಂದು ಕುಟುಂಬದ ಜೀವಮಾನದ ಉಳಿತಾಯ ಕೈತಪ್ಪಬಹುದು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 5ನೆಯ ಪ್ರಕರಣವು ವಿದ್ಯುನ್ಮಾನ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಸಹಿ ಮಾಡುವಾಗ ಗಣಕಯಂತ್ರವು ಇಡೀ ಕಡತದಿಂದ ಒಂದು ಗಣಿತ ಸಾರವನ್ನು ತೆಗೆದು, ಟೋಕನ್‌ನೊಳಗಿನ ಖಾಸಗಿ ಕೀಲಿಯಿಂದ ಅದಕ್ಕೆ ಮುದ್ರೆಯೊತ್ತುತ್ತದೆ. ಪರಿಶೀಲಿಸುವವರ ಗಣಕಯಂತ್ರವು ಆ ಮುದ್ರೆಯನ್ನು ಸಾರ್ವಜನಿಕ ಕೀಲಿಯಿಂದ ತಾಳೆ ನೋಡುತ್ತದೆ. ಸಹಿಯಾದ ಬಳಿಕ ವಿಸ್ತೀರ್ಣದ ಒಂದೇ ಅಂಕಿಯನ್ನು ತಿದ್ದಿದರೂ ತಾಳೆಯಾಗದು.

ಆದುದರಿಂದ ಕಾಗದದ ಮೇಲೆ ಅಚ್ಚಾದ ಹಸಿರು ಗುರುತು ಬರಿಯ ಚಿತ್ರ. ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಮೂಲ ಕಡತವನ್ನು ಅಡೋಬ್ ರೀಡರ್‌ನಲ್ಲಿ ತೆರೆದು, ಸಹಿಯ ಮೇಲೆ ಒತ್ತಿ, ಮೂರು ಸಂಗತಿಗಳನ್ನು ನೋಡತಕ್ಕದ್ದು:

1. ಸಹಿಯ ನಂತರ ಕಡತ ಬದಲಾಗಿದೆಯೇ?
2. ಸಹಿ ಯಾರ ಹೆಸರಿನಲ್ಲಿದೆ?
3. ಪ್ರಮಾಣಪತ್ರ ನೀಡಿದ ಸಂಸ್ಥೆಯು ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಪರವಾನಗಿ ಪಡೆದಿದೆಯೇ, ಸಹಿಯ ದಿನ ಪ್ರಮಾಣಪತ್ರ ಚಾಲ್ತಿಯಲ್ಲಿತ್ತೇ?

ಪ್ರಶ್ನಾರ್ಥಕ ಚಿಹ್ನೆ ಕಂಡ ಮಾತ್ರಕ್ಕೆ ದಾಖಲೆ ನಕಲಿಯೆಂದಲ್ಲ. ಆ ಗಣಕಯಂತ್ರಕ್ಕೆ ಭಾರತದ ಮೂಲ ಪ್ರಮಾಣಪತ್ರದ ಪರಿಚಯ ಇಲ್ಲದಿರಬಹುದು. ಆದರೆ ವಿಚಾರಿಸದೆ "ನಂಬು" ಎಂದು ಒತ್ತಲೂ ಬಾರದು. ಮುದ್ರಿತ ಪ್ರತಿ ಮಾತ್ರ ಇದ್ದಲ್ಲಿ, ಪಂಚಾಯಿತಿ ಕಚೇರಿಯ ಇ-ಸ್ವತ್ತು ದಾಖಲೆಯೊಂದಿಗೆ ಹೋಲಿಸಿ ನೋಡಬೇಕು.

ಇ-ಮೇಲ್‌ಗೂ ಇದೇ ನಿಯಮ. ಕಳುಹಿಸಿದವರ ಹೆಸರನ್ನು ನಕಲು ಮಾಡಬಹುದು. ಗೂಢಲಿಪೀಕರಣವು ಸಂದೇಶವನ್ನು ಅನ್ಯರ ಕಣ್ಣಿನಿಂದ ಮರೆಮಾಡುತ್ತದೆಯೇ ಹೊರತು, ಬರೆದವರು ಯಾರೆಂದು ಸಾಬೀತುಪಡಿಸುವುದಿಲ್ಲ. ಆ ಕೆಲಸ ಸಹಿಯದು.

ಇಷ್ಟಾದರೂ ಪರಿಶೀಲನೆಗೆ ಒಂದು ಮಿತಿಯಿದೆ. ಯಾರ ಕೀಲಿ ಬಳಕೆಯಾಯಿತೆಂದು ಅದು ತಿಳಿಸುತ್ತದೆ. ಯಾರ ಬೆರಳು ಒತ್ತಿತೆಂದು ತಿಳಿಸದು. ಟೋಕನ್ ಮತ್ತು ಪಿನ್ ಎರಡನ್ನೂ ಡೇಟಾ ಎಂಟ್ರಿ ಆಪರೇಟರ್ ಬಳಿ ಬಿಟ್ಟರೆ, ಮಾಡದ ಪಾವತಿಗೂ ಅಧ್ಯಕ್ಷರ ಹೆಸರೇ ನಿಲ್ಲುತ್ತದೆ. ಕೀಲಿಯನ್ನು ಕಾಪಾಡುವುದು 42ನೆಯ ಪ್ರಕರಣದಂತೆ ಸಹಿದಾರರ ಕರ್ತವ್ಯ. ಅದು ಪರರ ಪಾಲಾದರೆ ಪ್ರಮಾಣಪತ್ರ ನೀಡಿದ ಸಂಸ್ಥೆಗೆ ತಡಮಾಡದೆ ತಿಳಿಸಬೇಕು. ಇನ್ನೊಬ್ಬರ ಸಹಿಯನ್ನು ವಂಚನೆಯಿಂದ ಬಳಸಿದವರಿಗೆ 66ಸಿ ಪ್ರಕರಣದನ್ವಯ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಟೋಕನ್ ಸಹಿದಾರರ ಕೈಯಲ್ಲಿಯೇ ಇರಲಿ, ಪಿನ್ ಅವರ ನೆನಪಿನಲ್ಲಿಯೇ ಇರಲಿ. ಆಗ ಮಾತ್ರ "ಇದು ಅಸಲಿ" ಎಂಬ ಸದಸ್ಯರ ಮಾತಿಗೆ ತೂಕ ಬರುತ್ತದೆ.