ಎದೆಹಾಲು, ಡಬ್ಬಿಹಾಲು ಮತ್ತು ತಾಯಿಯ ದುಡಿಮೆ

ಎಳೆಗೂಸಿಗೆ ಯಾವ ಹಾಲು ಸರಿ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರ ಕೊಡಲು ಹೊರಟವರು ರಸಾಯನಶಾಸ್ತ್ರಜ್ಞರು. ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ 1865ರಲ್ಲಿ ಹಸುವಿನ ಹಾಲಿಗೆ ಗೋಧಿ ಹಿಟ್ಟು, ಮಾಲ್ಟ್ ಮತ್ತು ಒಂದಿಷ್ಟು ಕ್ಷಾರ ಬೆರೆಸಿ, ಇದು ಎದೆಹಾಲಿಗೆ ಸಮ ಎಂದು ನಂಬಿದ. ಎರಡು ವರ್ಷಗಳಲ್ಲೇ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆಯ ಹಾಲುಹಿಟ್ಟು ಮಾರುಕಟ್ಟೆಗೆ ಬಂತು. ಆ ಕಾಲದ ಅಗತ್ಯ ನಿಜವಾದದ್ದೇ. ಹೆತ್ತವಳನ್ನು ಕಳೆದುಕೊಂಡ ಕೂಸುಗಳಿದ್ದವು, ಗಿರಣಿಗೆ ಹೋಗಲೇಬೇಕಾದ ತಾಯಂದಿರಿದ್ದರು, ಊರೊಳಗೆ ಮಾರುವ ಹಾಲು ಕೊಳಕಾಗಿತ್ತು. ಆದರೆ ಹಾಲನ್ನು ಅದರೊಳಗಿನ ಅಂಶಗಳಿಂದಲೇ ಅಳೆಯಬಹುದು ಎಂಬ ನಂಬಿಕೆಯೂ ಅಲ್ಲಿಂದಲೇ ಬೇರುಬಿಟ್ಟಿತು. ಆ ಅಳತೆ ಸಾಲದು ಎಂಬುದನ್ನು ಮುಂದಿನ ನೂರು ವರ್ಷಗಳ ಚರಿತ್ರೆ ತೋರಿಸಿಕೊಟ್ಟಿತು.

ಅಂಶಗಳ ಅಳತೆಯೇ ತಪ್ಪು ಎಂದಲ್ಲ. 100 ಮಿಲಿಲೀಟರ್ ಎದೆಹಾಲಿನಲ್ಲಿ ಪ್ರೋಟೀನು ಸುಮಾರು 1 ಗ್ರಾಂ, ಹಸುವಿನ ಹಾಲಿನಲ್ಲಿ 3ಕ್ಕೂ ಮೇಲೆ. ಕರುವಿಗೆ ಒಗ್ಗುವ ಈ ಪ್ರಮಾಣ ಎಳೆಯ ಮೂತ್ರಪಿಂಡಗಳಿಗೆ ಹೊರೆ. ಕಬ್ಬಿಣಾಂಶವೂ ಅದರಲ್ಲಿ ಕಡಿಮೆ. ಒಂದು ವರ್ಷ ತುಂಬುವ ತನಕ ಹಸುವಿನ ಹಾಲು ಮುಖ್ಯ ಆಹಾರವಾಗಬಾರದು ಎನ್ನುವುದು ಇದರಿಂದಲೇ. ಎಮ್ಮೆಯ ಹಾಲಿನಲ್ಲಿ ಕೊಬ್ಬು ಇನ್ನೂ ಹೆಚ್ಚು. ಆ ಹಾಲನ್ನೇ ಹದಗೊಳಿಸಿ ಶಿಶು ಆಹಾರ ಮಾಡುವ ವಿಧಾನವನ್ನು 1950ರ ದಶಕದಲ್ಲಿ ಕಂಡುಕೊಂಡವರು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು. ಆನಂದ್ ಊರಿನ ಅಮುಲ್ ಅದನ್ನು ಕಾರ್ಖಾನೆಗೆ ತಂದಿತು. ಹೊರದೇಶದ ಡಬ್ಬಿಗಳಿಗೆ ಕಾಯುತ್ತಿದ್ದ ದೇಶಕ್ಕೆ ಅದು ದೊಡ್ಡ ಸಾಧನೆ, ಹೆಮ್ಮೆಪಡಬೇಕಾದದ್ದು. ಪ್ರಯೋಗಾಲಯದಿಂದ ಹೊರಬಿದ್ದ ಪುಡಿ ಮನೆಯೊಳಗೆ ಯಾವ ನೀರಿನಲ್ಲಿ ಕಲಸಲ್ಪಡುತ್ತದೆ, ತಿಂಗಳ ಕೊನೆಗೆ ಎಷ್ಟು ತೆಳ್ಳಗಾಗುತ್ತದೆ ಎಂಬುದು ಮಾತ್ರ ಯಾವ ವಿಜ್ಞಾನಿಯ ಕೈಯಲ್ಲೂ ಇರಲಿಲ್ಲ.

ಈ ಪ್ರಶ್ನೆಯನ್ನು ಅದಕ್ಕೂ ಮೊದಲೇ ಎತ್ತಿದವರು ವೈದ್ಯೆ ಸಿಸಿಲಿ ವಿಲಿಯಮ್ಸ್. 1939ರಲ್ಲಿ ಸಿಂಗಪುರದಲ್ಲಿ ಅವರು ಮಾಡಿದ ಭಾಷಣದ ಹೆಸರೇ ‘ಹಾಲು ಮತ್ತು ಕೊಲೆ’. ಸಕ್ಕರೆ ಬೆರೆಸಿದ ಗಟ್ಟಿ ಹಾಲನ್ನು ಕೂಸುಗಳಿಗೆ ಯೋಗ್ಯವೆಂದು ಪ್ರಚಾರ ಮಾಡಿ ಮಾರುವುದನ್ನು ಅವರು ಕೊಲೆಗೆ ಸಮ ಎಂದರು. ಲೋಕ ಕಿವಿಗೊಟ್ಟದ್ದು ಬಹಳ ತಡವಾಗಿ. 1974ರಲ್ಲಿ ಲಂಡನ್ನಿನಲ್ಲಿ ‘ದಿ ಬೇಬಿ ಕಿಲ್ಲರ್’ ಎಂಬ ಕಿರುಪುಸ್ತಕ ಹೊರಬಂತು, 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಶುರುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅದು ಅಮೆರಿಕದ್ದು. ಡಬ್ಬಿಹಾಲಿನ ಪ್ರಚಾರದ ವಿರುದ್ಧದ ಈ ದನಿ ಬರೀ ಭಾವಾವೇಶವಾಗಿರಲಿಲ್ಲ ಎಂಬುದಕ್ಕೆ ಬ್ರೆಜಿಲ್‌ನಲ್ಲಿ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ. ಎದೆಹಾಲನ್ನೇ ಕಾಣದ ಕೂಸುಗಳು ಭೇದಿಯಿಂದ ಸಾಯುವ ಅಪಾಯ, ಬರೀ ಎದೆಹಾಲು ಕುಡಿದವುಗಳಿಗಿಂತ 14 ಪಟ್ಟು ಹೆಚ್ಚಿತ್ತು. ಪುಡಿಯಲ್ಲಿ ವಿಷವಿರಲಿಲ್ಲ. ಸೀಸೆ, ನೀರು, ಬಡತನ, ಜೊತೆಗೆ ಎದೆಹಾಲಿನ ರೋಗನಿರೋಧಕ ಶಕ್ತಿ ತಪ್ಪಿಹೋದದ್ದು, ಇವೆಲ್ಲ ಕೂಡಿ ಮಾಡಿದ ಅನಾಹುತ ಅದು.

ಭಾರತದಲ್ಲಿ ಇಂಥ ಪ್ರಚಾರವನ್ನು ತಡೆಯಲು 1992ರಲ್ಲಿ ಕಾನೂನು ಬಂತು, 2003ರಲ್ಲಿ ಬಿಗಿಯಾಯಿತು. ಡಬ್ಬಿಹಾಲಿನ, ಹಾಲಿನ ಸೀಸೆಯ ಜಾಹೀರಾತು ಕೂಡದು, ಉಚಿತ ಮಾದರಿ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಇರುವಂತಿಲ್ಲ. ಇದು ತಾಯಿಯ ಆಯ್ಕೆಯನ್ನು ಕಿತ್ತುಕೊಳ್ಳುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಮಾರಾಟವನ್ನು ಕಾನೂನು ತಡೆದಿಲ್ಲ. ಲಾಭ ಪಡೆಯುವವನೇ ಸಲಹೆಗಾರನಾಗುವುದನ್ನು ಮಾತ್ರ ತಡೆದಿದೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ: ಎದೆಹಾಲೇ ಶ್ರೇಷ್ಠ ಎಂದು ಸಾರಿದಷ್ಟೂ, ಹಾಲು ಸಾಲದ ಬಾಣಂತಿ ತಪ್ಪಿತಸ್ಥಳಂತೆ ಕುಗ್ಗುತ್ತಾಳೆ. ಈ ನೋವು ನಿಜ. ದೇಹದ ಕಾರಣದಿಂದಲೇ ಹಾಲು ಸಾಲದವರು ಇದ್ದಾರೆ, ಅವರ ಕೂಸಿಗೆ ಶುದ್ಧವಾಗಿ ಕಲಸಿದ ಡಬ್ಬಿಹಾಲು ಪ್ರಾಣ ಉಳಿಸುವ ಆಹಾರ. ಅಂಥ ತಾಯಿಯನ್ನು ಯಾರೂ ದೂರಬಾರದು. ಆದರೆ ‘ಹಾಲು ಸಾಲದು’ ಎಂಬ ದೂರಿನ ಹಿಂದೆ ಅನೇಕ ಸಲ ಬೇರೆ ಕಾರಣಗಳಿರುತ್ತವೆ. ಹುಟ್ಟಿದ ಕೂಡಲೇ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸಿ, ಮೊದಲ ದಿನಗಳ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲುವ ರೂಢಿ ಒಂದು. ಹೆರಿಗೆಯ ನಂತರ ತಾಯಿಮಗುವನ್ನು ಬೇರೆ ಮಲಗಿಸುವುದು ಇನ್ನೊಂದು. ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ಚೀಪುವುದನ್ನು ತಪ್ಪಿಸಿದರೆ ಹಾಲೂ ಕುಗ್ಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇಕಡಾ 42ರಷ್ಟು ಮಾತ್ರ. ಹೆರಿಗೆಗಳಲ್ಲಿ ಬಹುಪಾಲು ಆಸ್ಪತ್ರೆಯಲ್ಲೇ ಆಗುವ ಕಾಲದಲ್ಲಿ ಈ ಹೊಣೆಯನ್ನು ಬಾಣಂತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾಲೂಡಿಸುವ ತಾಯಿಗೆಂದು ಮಾರುವ ದುಬಾರಿ ಪುಡಿಗಳೂ ಬೇಕಿಲ್ಲ. ರಾಗಿ, ಬೇಳೆ, ಸೊಪ್ಪು, ಮನೆಯ ಹಾಲು ಹೊಟ್ಟೆತುಂಬ ಸಿಕ್ಕರೆ ಸಾಕು, ಪಥ್ಯದ ಹೆಸರಿನಲ್ಲಿ ಅವನ್ನು ಕಡಿಮೆ ಮಾಡದಿದ್ದರೆ ಸಾಕು.

ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಹೆತ್ತವಳ ಹಾಲು ಸಿಗದಾಗಲೂ ನೇರವಾಗಿ ಪುಡಿಗೆ ಹೋಗಬೇಕಿಲ್ಲ. 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕು ಆರಂಭವಾಯಿತು. ದಾನಿ ತಾಯಂದಿರ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿ ಕೊಡುವ ಇಂಥ ಬ್ಯಾಂಕುಗಳು ಜಿಲ್ಲೆಗೊಂದಾದರೂ ಬೇಕು. ಆದರೂ ದೊಡ್ಡ ಪ್ರಶ್ನೆ ಸಮಯದ್ದು. ಆರು ತಿಂಗಳು ಬರೀ ಎದೆಹಾಲು ಎಂದು ವೈದ್ಯರು ಹೇಳುತ್ತಾರೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ, ಲೆಕ್ಕ ಸರಿಹೋಗುತ್ತದೆ. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು ಎಂದೂ ಕಾನೂನು ಹೇಳುತ್ತದೆ. ಆದರೆ ಗದ್ದೆಯಲ್ಲಿ ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ, ದಿನಗೂಲಿಗೆ ಇಟ್ಟಿಗೆ ಹೊರುವವಳಿಗೆ ಆ ರಜೆ ಎಟುಕುವುದಿಲ್ಲ. ಅವರಿಗೆ ಆ 26 ವಾರಗಳ ಕೂಲಿಯನ್ನು ಸರ್ಕಾರ ಕೊಡಬೇಕು, ಕೆಲಸದ ಜಾಗದ ಹತ್ತಿರವೇ ಕೂಸನ್ನು ಮಲಗಿಸಲು ನೆರಳು ಒದಗಿಸಬೇಕು.