ಕನ್ನಡಿಯಿಲ್ಲದ ಕ್ಯಾಮರಾ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡಬೇಕಾದ ಶಾಲೆಯ ಕನ್ನಡ ಪಂಡಿತರು ಕ್ಯಾಮರಾದ ವಿಷಯವನ್ನೆತ್ತಿಕೊಂಡುದನ್ನು ಕಂಡು ತಮಗೆ ಆಶ್ಚರ್ಯವಾಗಿರಬಹುದು. ಇದು ನಾವಾಗಿ ಆರಿಸಿಕೊಂಡ ವಿಷಯವಲ್ಲ. ಸಂಘದ ಕಾರ್ಯಕಾರಿ ಸಮಿತಿಯೇ ನಮ್ಮ ಕೊರಳಿಗೆ ಕಟ್ಟಿದ್ದು. ಪಾರ್ತಿಸುಬ್ಬನ ನಾಡಾದ ಈ ಸೀಮೆಯ ಹಿರಿಯ ಅರ್ಥಧಾರಿಗಳ ಮತ್ತು ವೇಷಧಾರಿಗಳ ಚಿತ್ರಸಂಪುಟವೊಂದನ್ನು ಸಿದ್ಧಪಡಿಸಬೇಕೆಂದು ಸಂಘವು ನಿಶ್ಚಯಿಸಿದಾಗ, ಸದಸ್ಯರಿಂದ ನೂರು ಇನ್ನೂರೆಂದು ಕೂಡಿಸಿದ ಹಣದಲ್ಲಿ ಹೊಸ ಬಗೆಯ ಕ್ಯಾಮರಾವನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದಿತು. ಅನುಭವಸ್ಥರಾದ ಮೂವರು ಛಾಯಾಗ್ರಾಹಕರು ಅದನ್ನು ಪರೀಕ್ಷಿಸತಕ್ಕದ್ದು, ನಾವು ಅವರ ಅಭಿಪ್ರಾಯಗಳನ್ನು ಬರೆದುಕೊಳ್ಳತಕ್ಕದ್ದು ಎಂದು ಗೊತ್ತಾಯಿತು. ಆ ವರದಿಯನ್ನೇ ಈಗ ತಮ್ಮ ಮುಂದೆ ಒಪ್ಪಿಸುತ್ತಿದ್ದೇವೆ.

ಮೊದಲು ವಸ್ತುವಿನ ಪರಿಚಯವಾಗಬೇಕು. ಇದುವರೆಗೆ ನಮ್ಮ ಛಾಯಾಗ್ರಾಹಕರು ಹೆಗಲಿಗೆ ತೂಗುಹಾಕಿಕೊಂಡು ಬಂದ ಕ್ಯಾಮರಾದ ಹೊಟ್ಟೆಯಲ್ಲಿ ಒಂದು ಕನ್ನಡಿಯುಂಟು. ಲೆನ್ಸಿನಿಂದ ಒಳಗೆ ಬಂದ ಬೆಳಕು ಓರೆಯಾಗಿ ನಿಂತ ಆ ಕನ್ನಡಿಗೆ ತಾಗಿ ಮೇಲಕ್ಕೇರಿ, ಪಟ್ಟಕವೊಂದರ ಮೂಲಕ ನೋಡುವವರ ಕಣ್ಣನ್ನು ಸೇರುತ್ತದೆ. ಗುಂಡಿಯನ್ನೊತ್ತಿದೊಡನೆ ಕನ್ನಡಿ ಮೇಲಕ್ಕೆ ಹಾರುತ್ತದೆ, ಷಟರು ತೆರೆಯುತ್ತದೆ, ಬೆಳಕು ಹಿಂದಿನ ಫಲಕದ ಮೇಲೆ ಬಿದ್ದು ಚಿತ್ರವಾಗುತ್ತದೆ. ನಾವು ಮದುವೆಮನೆಗಳಲ್ಲಿ ಕೇಳುವ ‘ಟಪ್’ ಎಂಬ ಸದ್ದಿನಲ್ಲಿ ದೊಡ್ಡ ಪಾಲು ಈ ಕನ್ನಡಿಯದು. ಹೊಸ ಕ್ಯಾಮರಾದಲ್ಲಿ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಫಲಕಕ್ಕೆ ಬೀಳುತ್ತದೆ. ಫಲಕವು ಕಂಡುದನ್ನು ಒಂದು ಪುಟ್ಟ ವಿದ್ಯುತ್ ಪರದೆ ನಮ್ಮ ಕಣ್ಣಿಗೆ ತೋರಿಸುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ಯಂತ್ರ ಕಟ್ಟುವವರೂ ಕೇಳಿದ್ದರೋ ಏನೋ!

ಇದೇನೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 2008ರಲ್ಲಿ ಪ್ಯಾನಸಾನಿಕ್ ಕಂಪೆನಿಯ ಲುಮಿಕ್ಸ್ ಜಿ1, 2013ರಲ್ಲಿ ಸೋನಿಯವರ ಎ7 ಹೊರಬಂದವು. ಆದರೆ ವೃತ್ತಿನಿರತರಲ್ಲಿ ದೊಡ್ಡ ಚರ್ಚೆಯೆದ್ದುದು 2018ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ನಿಕಾನ್ ಕಂಪೆನಿಯು ಜೆಡ್7 ಮತ್ತು ಜೆಡ್6 ಎಂಬ ಕ್ಯಾಮರಾಗಳನ್ನು ಪ್ರಕಟಿಸಿತು. 1959ರಿಂದ ನಡೆದುಬಂದ ಅದರ ಲೆನ್ಸಿನ ಕಟ್ಟಿನಲ್ಲಿ ಲೆನ್ಸಿನ ಬುಡಕ್ಕೂ ಫಲಕಕ್ಕೂ ನಡುವೆ 46.5 ಮಿಲಿಮೀಟರ್ ಅಂತರವಿತ್ತು. ಕನ್ನಡಿಗೆ ತಾವು ಬೇಡವಾದುದರಿಂದ ಹೊಸದರಲ್ಲಿ ಅದು 16 ಮಿಲಿಮೀಟರಿಗೆ ಇಳಿಯಿತು. ಮರು ತಿಂಗಳಲ್ಲೇ ಕ್ಯಾನನ್ ಕಂಪೆನಿಯೂ ತನ್ನ ಇಓಎಸ್ ಆರ್ ಕ್ಯಾಮರಾವನ್ನು ಪ್ರಕಟಿಸಿತು.

ಆಗ ನುರಿತವರು ಕೊಟ್ಟ ಮೊದಲ ತೀರ್ಪು ಸೌಮ್ಯವಾಗಿರಲಿಲ್ಲ. ನಿಕಾನಿನ ಹೊಸ ಯಂತ್ರದಲ್ಲಿ ಚಿತ್ರಗಳನ್ನು ತುಂಬುವ ಕಾರ್ಡಿಗೆ ಒಂದೇ ಗೂಡು. ಆ ಕಾರ್ಡು ಕೆಟ್ಟರೆ ಮದುವೆಯ ಮುಹೂರ್ತವನ್ನು ಮತ್ತೆ ತರುವವರು ಯಾರು? ಒಮ್ಮೆ ತುಂಬಿದ ಬ್ಯಾಟರಿಗೆ ಹಿಂದಿನ ಡಿ850ರಲ್ಲಿ 1840 ಚಿತ್ರಗಳೆಂಬ ಲೆಕ್ಕವಿದ್ದರೆ, ಜೆಡ್7ರಲ್ಲಿ 330 ಮಾತ್ರ. ಈ ಮಾತುಗಳಲ್ಲಿ ಸತ್ಯವಿತ್ತು. 2020ರಲ್ಲಿ ಬಂದ ಮುಂದಿನ ಆವೃತ್ತಿಗಳಲ್ಲಿ ಎರಡು ಗೂಡುಗಳನ್ನಿಟ್ಟರು. ಬಳಸುವವರ ಗೊಣಗಾಟವೆಲ್ಲ ವ್ಯರ್ಥವಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ನಮ್ಮ ಪರೀಕ್ಷೆಯ ಕಥೆ. ಎರವಲಾಗಿ ತಂದ ಕ್ಯಾಮರಾದ ಹೆಸರು ಇಲ್ಲಿ ಅಗತ್ಯವಿಲ್ಲ. ಪರೀಕ್ಷಕರಲ್ಲಿ ಮೊದಲಿನವರು ಬ್ಯಾಂಕಿನಿಂದ ನಿವೃತ್ತರಾಗಿ ಪಕ್ಷಿಗಳ ಹಿಂದೆ ಅಲೆಯುವವರು. ಅವರು ರಾಣಿಪುರದ ಬೆಟ್ಟಕ್ಕೆ ಹೋಗಿ ಬಂದು ಎರಡು ಮಾತು ಹೇಳಿದರು. ಕುಳಿತ ಹಕ್ಕಿಯ ಕಣ್ಣನ್ನು ಯಂತ್ರವು ತಾನೇ ಗುರುತಿಸಿ ಹಿಡಿಯುವುದು ಅದ್ಭುತ. ಆದರೆ ಬ್ಯಾಟರಿಯನ್ನು ಉಳಿಸಲು ಮಲಗಿದ್ದ ಪರದೆ, ಕಣ್ಣಿಗಿಟ್ಟುಕೊಂಡಾಗ ಎಚ್ಚರಗೊಳ್ಳಲು ಒಂದು ಕ್ಷಣ ತೆಗೆದುಕೊಂಡಿತು. ಅಷ್ಟರಲ್ಲಿ ಮಂಗಟ್ಟೆ ಹಕ್ಕಿ ಮರ ಬಿಟ್ಟಿತ್ತು. ಕನ್ನಡಿಯ ಕ್ಯಾಮರಾಕ್ಕೆ ನಿದ್ರೆಯೆಂಬುದಿಲ್ಲ, ಅದರ ಕಿಟಕಿ ಸದಾ ತೆರೆದೇ ಇರುತ್ತದೆ ಎಂದು ಅವರ ಅಭಿಪ್ರಾಯ.

ಎರಡನೆಯವರು ಮದುವೆಗಳ ಚಿತ್ರ ತೆಗೆಯುವವರು. ಮನೆಮಾತು ಮಲಯಾಳ, ಯಕ್ಷಗಾನದ ಹುಚ್ಚು ಮಾತ್ರ ನಮಗಿಂತಲೂ ಒಂದು ಕೈ ಮೇಲು. ಅವರು ಮೊದಲು ತಾಳಮದ್ದಳೆಗೆ ಬಂದರು. ಅರ್ಥಧಾರಿಗಳು ಕರ್ಣನ ಮಾತನ್ನಾಡುತ್ತ ಗದ್ಗದರಾಗಿದ್ದ ಹೊತ್ತಿನಲ್ಲಿ, ಮೂರು ಮೊಳದ ಅಂತರದಿಂದ ಚಿತ್ರಗಳನ್ನು ತೆಗೆದರೂ ಎಳ್ಳಷ್ಟು ಸದ್ದಾಗಲಿಲ್ಲ; ಸಭೆಯಲ್ಲಿ ಒಂದು ತಲೆಯೂ ತಿರುಗಲಿಲ್ಲ. ನಾವೆಲ್ಲರೂ ಬೆರಗಾದೆವು. ಮರುದಿನ ರಾತ್ರಿಯ ಬಯಲಾಟಕ್ಕೂ ಅದೇ ನಿಶ್ಶಬ್ದ ವಿಧಾನವನ್ನೇ ನಂಬಿದೆವು. ಬೆಳಗ್ಗೆ ನೋಡಿದರೆ ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು. ಗಿರಕಿ ಹೊಡೆಯುತ್ತಿದ್ದ ಬಣ್ಣದ ವೇಷದ ಕಿರೀಟ ಗಾಳಿಗೆ ಬಾಗಿದ ಅಡಕೆಮರದಂತೆ ಓರೆಯಾಗಿತ್ತು!

ಕಾರಣವನ್ನು ಅವರೇ ಬಿಡಿಸಿ ಹೇಳಿದರು. ನಿಶ್ಶಬ್ದ ವಿಧಾನದಲ್ಲಿ ಫಲಕವು ಚಿತ್ರವನ್ನು ಒಂದೇ ಸಲಕ್ಕೆ ನುಂಗದೆ, ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಓದುತ್ತದೆ. ಓದಿ ಮುಗಿಯುವುದರೊಳಗೆ ಕಿರೀಟವು ಸ್ಥಳ ಬದಲಿಸಿರುತ್ತದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತವೆ. ಕಣ್ಣಿಗೆ ಕಾಣದ ಆ ಏರಿಳಿತ ಸಾಲುಗಳಲ್ಲಿ ಪಟ್ಟೆಯಾಗಿ ಮೂಡುತ್ತದೆ. 2021ರ ಜೆಡ್9ರಂತಹ ಬೆಲೆಬಾಳುವ ಯಂತ್ರಗಳ ಫಲಕ ಬಹು ಬೇಗ ಓದುವುದರಿಂದ ಅವುಗಳಲ್ಲಿ ಕಿರೀಟದ ಓರೆ ಬಹಳ ಕಡಿಮೆ; ಅಂಥದ್ದನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಕುಳಿತು ನಡೆಸುವ ತಾಳಮದ್ದಳೆಗೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲವಿಟ್ಟು ನಿಶ್ಶಬ್ದ ವಿಧಾನ, ಚೆಂಡೆಯ ಅಬ್ಬರವಿರುವ ಆಟಕ್ಕೆ ಸದ್ದಿನ ಷಟರು ಎಂದು ಅವರು ತೀರ್ಮಾನಿಸಿದರು. ಚೆಂಡೆಯ ಮುಂದೆ ಷಟರಿನ ಸದ್ದನ್ನು ಕೇಳುವವರಾರು?

ಮೂರನೆಯವರು ಎಪ್ಪತ್ತು ದಾಟಿದ ಹಿರಿಯರು. ಫಿಲ್ಮಿನ ಕಾಲದಿಂದ ಸ್ಟುಡಿಯೋ ನಡೆಸಿದವರು. ಕಣ್ಣಿನ ಪೊರೆಯ ದೆಸೆಯಿಂದ ನಾಲ್ಕು ವರ್ಷಗಳ ಹಿಂದೆ ಮಗನಿಗೆ ಕೆಲಸವನ್ನೊಪ್ಪಿಸಿದ್ದರು. ಶಸ್ತ್ರಚಿಕಿತ್ಸೆಯಾದ ಮೇಲೂ ಲೆನ್ಸನ್ನು ತಿರುಗಿಸಿ ಸ್ಪಷ್ಟತೆಯನ್ನು ಹೊಂದಿಸುವ ಧೈರ್ಯ ಅವರಿಗೆ ಬಂದಿರಲಿಲ್ಲ. ಪರದೆಯನ್ನು ಒಮ್ಮೆ ಕಣ್ಣಿಗಿಟ್ಟು, “ಮಾಷ್ಟ್ರೇ, ಇದು ತೋರಿಸುವುದು ಬೆಳಕನ್ನಲ್ಲ, ಬೆಳಕಿನ ವರದಿಯನ್ನು” ಎಂದು ಹಿಂದಕ್ಕೆ ಕೊಟ್ಟುಬಿಟ್ಟರು. ಆ ಮಾತು ನಮ್ಮ ಮನಸ್ಸಿಗೂ ನಾಟಿತು.

ಆದರೆ ಅವರ ಮಗನು ಸುಮ್ಮನಿರಲಿಲ್ಲ. ತಂದೆಯವರ ಪೆಟ್ಟಿಗೆಯಲ್ಲಿದ್ದ ಹಳೆಯ ಲೆನ್ಸೊಂದನ್ನು ತೆಗೆದು, ಅಡಾಪ್ಟರಿನ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿದನು. ಒಳಗಿನ ಅಂತರ ಕಿರಿದಾದುದರಿಂದಲೇ ನಡುವೆ ಉಂಗುರವಿಟ್ಟು ಹಳೆಯ ಲೆನ್ಸುಗಳನ್ನು ಕೂರಿಸಲು ಸಾಧ್ಯ. ಬಳಿಕ ಪರದೆಯ ಮೇಲಿನ ಚಿತ್ರವನ್ನು ಹತ್ತುಪಟ್ಟಿಗೆ ಸಮೀಪವಾಗಿ ಹಿಗ್ಗಿಸಿ, “ಅಪ್ಪಾ, ಈಗ ನೋಡಿ” ಎಂದನು. ಎದುರಿಗಿದ್ದವರು ಅವರ ಓರಗೆಯ ಅರ್ಥಧಾರಿಗಳೊಬ್ಬರು. ಹಿರಿಯರು ಲೆನ್ಸನ್ನು ಮೆಲ್ಲನೆ ತಿರುಗಿಸಿದರು. ಗೆಳೆಯರ ಹುಬ್ಬಿನ ಒಂದೊಂದು ನರೆಗೂದಲೂ ಎದ್ದು ನಿಂತಿತು. ನಾವು ಕ್ಯಾಮರಾಕ್ಕೆ ಕೈಚಾಚಿದಾಗ, “ಇನ್ನು ಹತ್ತು ನಿಮಿಷ ನನ್ನ ಕೈಯಲ್ಲೇ ಇರಲಿ” ಎಂದರು. ಹತ್ತು ನಿಮಿಷವೆಂದುದು ಸಂಜೆಯವರೆಗೆ ನಡೆಯಿತು.

ಮೂವರ ಅಭಿಪ್ರಾಯಗಳು ಇಂದಿಗೂ ಒಂದಾಗಿಲ್ಲ. ಪಕ್ಷಿಪ್ರಿಯರು ತಮ್ಮ ಕನ್ನಡಿಯ ಕ್ಯಾಮರಾವನ್ನು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಸಂಘವು ಸಾಧಾರಣ ಬೆಲೆಯ ಕನ್ನಡಿರಹಿತ ಕ್ಯಾಮರಾ ಒಂದನ್ನೂ ಅಡಾಪ್ಟರನ್ನೂ ಕೊಂಡಿತು, ಲೆನ್ಸುಗಳು ಹಳೆಯವೇ. ಉಳಿದ ಹಣವನ್ನು ಆ ಹಿರಿಯರ ಸ್ಟುಡಿಯೋದಲ್ಲಿ ಗೆದ್ದಲಿಗೂ ತೇವಕ್ಕೂ ಅಂಜಿ ಕುಳಿತ ಹಳೆಯ ನೆಗೆಟಿವ್‌ಗಳ ರಕ್ಷಣೆಗೆ ತೆಗೆದಿರಿಸಿದೆ.

ಒಂದು ತಪ್ಪನ್ನು ನಾವೇ ಒಪ್ಪಿಕೊಳ್ಳಬೇಕು. ಸಂಪುಟಕ್ಕಾಗಿ ಬರೆದ ಪಟ್ಟಿಯಲ್ಲಿ ಇಪ್ಪತ್ತಾರು ಹೆಸರುಗಳಿದ್ದವು. ಕ್ಯಾಮರಾ ಬೇಕೆ ಬೇಡವೆ, ಗೂಡು ಒಂದೆ ಎರಡೆ ಎಂದು ನಾವು ಚರ್ಚಿಸಿದ ಐದು ತಿಂಗಳಲ್ಲಿ ಇಬ್ಬರು ತೀರಿಕೊಂಡರು. ಆ ಇಬ್ಬರ ಚಿತ್ರಗಳನ್ನು ಸ್ಟುಡಿಯೋದ ಹಳೆಯ ಕ್ಯಾಮರಾದಲ್ಲಿ, ಮೊದಲ ವಾರದಲ್ಲೇ ತೆಗೆಯಬಹುದಾಗಿತ್ತು. ಇಂದಿಗೆ ಒಂಬತ್ತು ಮಂದಿಯ ಚಿತ್ರಗಳಾಗಿವೆ, ಹದಿನೈದು ಉಳಿದಿವೆ. ಅವರವರ ಮನೆಗಳಿಗೆ ಆ ಹಿರಿಯ ಛಾಯಾಗ್ರಾಹಕರನ್ನು ಕರೆದೊಯ್ಯಲು ವಾಹನವುಳ್ಳ ಸದಸ್ಯರು ಮುಂದೆ ಬರಬೇಕೆಂದು ಬೇಡಿಕೊಳ್ಳುತ್ತೇವೆ. ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಮೇಲೆ ಹೆಸರು ಬರೆಯುವ ಪುಸ್ತಕವಿರುತ್ತದೆ.