ಅಣೆಕಟ್ಟಿಗೊಂದು ಅವಳಿ



ನಮ್ಮ ನಾಡಿನ ತುಂಗಭದ್ರೆಯು ಕೃಷ್ಣೆಯೊಡಗೂಡಿ ವಿಜಯವಾಡಕ್ಕೆ ಬರುತ್ತಾಳೆ. ಗನ್ನವರಂ, ವಿಜಯವಾಡಗಳಲ್ಲಿ ನೆಲೆಸಿದ ನಾವೂ ಅವಳಂತೆ ಬಂದವರು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ಬಳಿಯ ಅವಳ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಇಂಥ ಸರಪಳಿಯ ಬಳಲಿಕೆಯನ್ನು ಮುಂಚಿತವಾಗಿ ಅರಿಯುವ ಬಗೆಯುಂಟೆ?

ಉಂಟು, ಅದಕ್ಕೆ ‘ಡಿಜಿಟಲ್ ಅವಳಿ’ ಎನ್ನುವರು. ಕಟ್ಟಡದ ಪ್ರತಿರೂಪವನ್ನು ಗಣಕಯಂತ್ರದಲ್ಲಿ ರಚಿಸಿ, ಕಟ್ಟಡಕ್ಕೆ ಅಳವಡಿಸಿದ ಸೆನ್ಸರುಗಳಿಂದ ನೀರಿನ ಮಟ್ಟ, ಎಳೆತ, ಅದುರುಗಳ ಸುದ್ದಿಯನ್ನು ಅದಕ್ಕೆ ಮುಟ್ಟಿಸುತ್ತಿರುವರು. ನಕ್ಷೆಯು ಕಟ್ಟಿದ ದಿನದಂತೆಯೇ ಉಳಿಯುವುದು. ಅವಳಿಯು ಕಟ್ಟಡದೊಡನೆ ತಾನೂ ಮುಪ್ಪಾಗುವುದು. ಆದರೆ ಅದು ಎಚ್ಚರಿಸಬಲ್ಲುದೇ ಹೊರತು ಸರಪಳಿಯನ್ನು ಬದಲಿಸಲಾರದು. ಆ ಕೆಲಸ ಮನುಷ್ಯನದೇ. ಮೇಲಣ ತೌರೂರು ಎಚ್ಚರವಾಗಿದ್ದರೆ ಕೆಳಗಣ ನಾವು ನೆಮ್ಮದಿಯಿಂದ ಮಲಗುವೆವು.